ಚಂದ್ರ ತೋಳಿನಲ್ಲಿದ್ದಾಗ

ಲಡ್ಲೋ, ಮೇ ೨೦, ೧೬೫೯

ಪ್ರೀತಿಯ ಮಗಳು ಡ್ಯಾಮರಿಸ್‌ಗೆ,

‘ಚಂದ್ರ ತೋಳಿನಲ್ಲಿದ್ದಾಗ ಕತ್ತಿ ಕಾದು ಕೂರಲಿ.’ ಪಂಚಾಂಗದ ಆ ಸಾಲು ಹಾಗೇ ಇತ್ತೆ? ಕಾದು ಕೂರಲಿ ಎಂದೋ, ಮಲಗಲಿ ಎಂದೋ? ಎದ್ದು ನೋಡಬಹುದು. ಪುಸ್ತಕ ಒಲೆಯ ಪಕ್ಕದ ಮೊಳೆಯಲ್ಲೇ ತೂಗುತ್ತಿದೆ. ಕೈ ಹೋಗುವುದಿಲ್ಲ.

ನೀನು ಕ್ಷೇಮವೆಂದು ನಂಬಿದ್ದೇನೆ. ಅಪ್ಪ ಹೋದ ಸುದ್ದಿಯನ್ನು ಪಾದ್ರಿಯ ಎರಡು ಸಾಲಿನಿಂದ ತಿಳಿಯಬೇಕಾಯಿತು ನಿನಗೆ. ಮೂರು ವಾರ ಬರೆಯದೇ ಉಳಿದೆ, ಕ್ಷಮಿಸು.

ಬೇಲಿ ಕಟ್ಟುವಾಗ ಮುಳ್ಳು ಚುಚ್ಚಿ ಅವರ ಬಲತೋಳು ಊದಿಕೊಂಡಿತ್ತು. ಕ್ಷೌರಿಕ ಪಾಸ್ಕ್ ಕತ್ತಿ ಹಿಡಿದು ಬಂದ, ಈಗಲೇ ಕುಯ್ದು ಕೀವು ತೆಗೆಯಬೇಕೆಂದ. ನಿನ್ನ ಅಪ್ಪನಿಗೆ ಓದು ಬರುತ್ತಿರಲಿಲ್ಲ, ಆದರೆ ಪಂಚಾಂಗ ಕೇಳದೆ ಉಗುರು ಕೂಡ ಕತ್ತರಿಸುತ್ತಿರಲಿಲ್ಲ.

“ಮೊದ್ಲು ನೋಡೇ, ಇವತ್ತು ಚಂದ್ರ ಎಲ್ಲವ್ನೆ?” ಅಂದರು.

ನೋಡಿದೆ. ಏಪ್ರಿಲ್ ಇಪ್ಪತ್ಮೂರು, ಮಿಥುನ. ರಾಶಿಗೊಂದು ಅಂಗವೆಂದು ತೋರಿಸುವ ಪಂಚಾಂಗದ ಚಿತ್ರದ ಬೆತ್ತಲೆ ಮನುಷ್ಯನ ಮೈಯಲ್ಲಿ ಮಿಥುನಕ್ಕೆ ಸೇರಿದ್ದು ತೋಳು. ಮೂರು ದಿನ ತೋಳಿಗೆ ಕತ್ತಿ ತಾಕಿಸಬಾರದು ಎಂದು ಗಟ್ಟಿಯಾಗಿ ಓದಿದೆ.

“ಚಂದ್ರ ದಾಟೋ ತನಕ ಕೀವು ಸುಮ್ನೆ ಕೂತಿರುತ್ತಾ, ಯಜಮಾನ್ರೇ?” ಎಂದು ಪಾಸ್ಕ್ ನಕ್ಕ.

“ನೀನು ಗಡ್ಡ ಹೆರೆಯೋನು. ಹೋಗಿ ಗಡ್ಡ ಹೆರಿ.”

ಮೂರು ದಿನ ಬಿಸಿ ತವುಡು ಕಟ್ಟಿದೆ. ನಾಲ್ಕನೆಯ ದಿನ ತೋಳು ಭುಜದವರೆಗೆ ಕಪ್ಪಾಗಿತ್ತು. ಪಾಸ್ಕ್ ನೋಡಿದ, ಚೀಲ ಬಿಚ್ಚಲಿಲ್ಲ. “ನೀನು ಓದಿದ್ದು ಒಳ್ಳೇದಾಯ್ತು ಕಣೇ. ಇಲ್ದಿದ್ರೆ ಅವತ್ತೇ ಹೋಗ್ಬಿಡ್ತಿದ್ದೆ” ಎಂದು ಅಪ್ಪ ನನ್ನ ಕೈ ಹಿಡಿದುಕೊಂಡರು. ಮರುದಿನ ಬೆಳಿಗ್ಗೆ ತೀರಿಕೊಂಡರು.

ದೇವರ ಇಚ್ಛೆ ಎನ್ನುತ್ತಾರೆ ಊರವರು. ನಾನೂ ತಲೆಯಾಡಿಸುತ್ತೇನೆ.

ನಿನ್ನ ಹೊಟ್ಟೆಯ ಕೂಸು ಸುಖವಾಗಿ ಬರಲಿ. ಅದಕ್ಕೆ ಯಾವ ದಿನವನ್ನೂ ನೋಡಬೇಡ.

ನಿನ್ನ ಅಮ್ಮ,
ಥಾಮಸಿನ್

ಇದೊಂದನ್ನು ಬರೆಯದೆ ಮುಗಿಸಬೇಕೆಂದಿದ್ದೆ, ಆಗಲಿಲ್ಲ. ಹೋದ ವರ್ಷದ ಪಂಚಾಂಗವನ್ನು ಎಲ್ಲರೂ ಹರಿದು ಪಾಯಿಖಾನೆಗೆ ಹಾಕುತ್ತಾರೆ. ನಾನು ಹಾಕಲಿಲ್ಲ. ಅದರ ಖಾಲಿ ಹಾಳೆಯಲ್ಲಿ ನಿನ್ನ ಮದುವೆಯ ದಿನ ಬರೆದಿತ್ತು. ಹೊಸದರ ಜೊತೆ ಅದೇ ಮೊಳೆಗೆ ನೇತುಹಾಕಿದ್ದೆ. ಅದೇ ಹೊದಿಕೆ, ಅದೇ ಬೆತ್ತಲೆ ಮನುಷ್ಯ. ಅಪ್ಪನನ್ನು ಮಣ್ಣು ಮಾಡಿದ ದಿನವನ್ನು ಬರೆಯಲು ಮೊಳೆಯಲ್ಲಿದ್ದ ಒಂದೇ ಪುಸ್ತಕವನ್ನು ತೆರೆದಾಗ ವರ್ಷ ಕಣ್ಣಿಗೆ ಬಿತ್ತು, ೧೬೫೮. ನಾನು ಓದಿ ಹೇಳಿದ್ದು ಹೋದ ವರ್ಷದ ಚಂದ್ರನನ್ನು.

ಹೊಸದಕ್ಕಾಗಿ ಹುಡುಕುತ್ತಿದ್ದಾಗ ಪಕ್ಕದ ಮನೆಯ ಸಿಸ್ಲಿ ಬಾಗಿಲಿಗೆ ಬಂದಳು. ಅಪ್ಪನ ತೋಳು ಊದುವ ಮೊದಲೇ, ನಾನಿಲ್ಲದಾಗ ಒಯ್ದಿದ್ದಳಂತೆ.

“ತಗೋ ಥಾಮಸಿನಕ್ಕ, ನಿನ್ ಪಂಚಾಂಗ. ಇಪ್ಪತ್ಮೂರು ಕತ್ತಿ ಹಾಕೋಕೆ ಬಲೇ ಒಳ್ಳೇ ದಿನ ಅಂತಿತ್ತು. ಅವತ್ತೇ ಹಂದಿಮರಿಗಳ ಬೀಜ ತೆಗೆಸಿದ್ವಿ. ಏಳರಲ್ಲಿ ಒಂದೂ ಸಾಯ್ಲಿಲ್ಲ ನೋಡು.”