ನನ್ನದಲ್ಲದ ಪಂಪು

ಸುವಾ, ಫಿಜಿ
ಜುಲೈ 5, ಶನಿವಾರ

ಪ್ರೀತಿಯ ಅಮ್ಮಾ,

ಮೌರಿ! ನಿನ್ನ ಮಂಡಿನೋವು ಹೇಗಿದೆ? ಬಾಬಾಯಿ ಗೆಡ್ಡೆಯ ಗುಂಡಿಗೆ ಇಳಿಯಬೇಡ ಎಂದರೆ ಕೇಳುವವಳಲ್ಲ ನೀನು, ಗೊತ್ತು. ಅಣ್ಣನನ್ನು ಇಳಿಸು, ಅವನ ಮಂಡಿಗೇನು ದಾಡಿ! ಅಜ್ಜ ಈಗಲೂ ಕಳ್ಳಿಳಿಸಲು ಮರ ಹತ್ತಿ, ತುದಿಯಲ್ಲಿ ಕೂತು ಊರಿಗೆಲ್ಲ ಕೇಳುವಂತೆ ಹಾಡುತ್ತಾನೆಯೇ? ನಾನಂತೂ ಚೆನ್ನಾಗಿದ್ದೇನೆ. ಚೆನ್ನಾಗಿ ಅಂದರೆ, ಕುಣಿಯುವಷ್ಟು ಚೆನ್ನಾಗಿ! ಮುಂದಿನ ಶನಿವಾರ ನಮ್ಮ ಸ್ವಾತಂತ್ರ್ಯ ದಿನವಲ್ಲವೇ, ಇಲ್ಲಿರುವ ನಮ್ಮ ಕಿರಿಬಾಸ್‌ನವರೆಲ್ಲ ಸೇರಿ ಕುಣಿಯುತ್ತಾರೆ. ನನ್ನನ್ನು ಮುಂದಿನ ಸಾಲಿಗೆ ಹಾಕಿದ್ದಾರೆ ಅಮ್ಮಾ, ಅದೂ ನಟ್ಟನಡುವೆ! ಗಣಿತದಲ್ಲಿ ಎಪ್ಪತ್ತೆಂಟು ಬಂದಿದೆ, ಆದರೆ ಅದನ್ನು ಯಾರು ಕೇಳುತ್ತಾರೆ, ನಟ್ಟನಡುವೆ!

ಈಗ ಔಷಧಿಯ ಸಮಾಚಾರ. ಕೂತುಕೊಂಡು ಓದು, ಕೊನೆಯವರೆಗೂ ಓದು. ವಿಮಾನ ನಿಲ್ದಾಣದಲ್ಲಿ ನನ್ನ ಗಲ್ಲ ಹಿಡಿದು ನೀನು ಹೇಳಿದ್ದೆಯಲ್ಲ, "ಒಂದೇ ಒಂದು ಸಲ ಉಸಿರು ಕಟ್ತು ಅಂತ ಕಿವಿಗೆ ಬಿದ್ರೆ ಸಾಕು, ಮಾರನೇ ವಿಮಾನಕ್ಕೆ ವಾಪಸ್. ಓದೂ ಬೇಡ ಗೀದೂ ಬೇಡ" ಅಂತ. ಮರೆತಿಲ್ಲ. ಮರೆಯದ್ದರಿಂದಲೇ ಇಷ್ಟು ದಿನ ಬಾಯಿ ಬಿಡಲಿಲ್ಲ.

ನೀನು ಚಾಪೆಯೊಳಗೆ ಸುತ್ತಿ ಕಟ್ಟಿಕೊಟ್ಟದ್ದು ಆರು ತಿಂಗಳ ಔಷಧಿ. ದಿನಾ ಎರಡು ಹೊತ್ತು ಎಳೆಯುವ ಕಂದು ಪಂಪು ಆರು, ಉಬ್ಬಸ ಬಂದಾಗ ಎಳೆಯುವ ನೀಲಿ ಪಂಪು ಎರಡು. ಬಂದ ಮೊದಲ ವಾರವೇ ಪಕ್ಕದ ಕೋಣೆಯ ಎರೀತಕ್ಕ ಬಾಗಿಲಲ್ಲಿ ನಿಂತಳು. ನಮ್ಮ ದ್ವೀಪದವಳೇ, ನನಗಿಂತ ಎರಡು ವರ್ಷ ಮುಂದೆ ಓದುತ್ತಾಳೆ. "ಬುಬುಸಿ ಕಣೇ ತಂಗೀ. ಎದೆ ಕಟ್ಕೊಂಡಿದೆ, ನಿನ್ನ ನೀಲಿ ಪಂಪು ಒಂದು ಕೊಡೇ." ಬುಬುಸಿ ಅಂತ ಬಾಯಿಬಿಟ್ಟು ಕೇಳಿದ್ದನ್ನು ನಮ್ಮವರು ಕೊಡಲೇಬೇಕಲ್ಲ, ಇಲ್ಲ ಅನ್ನಲು ನಾನೇನು ಹೇಳುವವರು ಕೇಳುವವರು ಇಲ್ಲದ ಮನೆಯ ಹುಡುಗಿಯೇ? ಕೊಟ್ಟೆ. ಪಂಪಿನಿಂದಲೋ ತಾನಾಗಿಯೋ, ಅವಳ ಎದೆ ಬಿಟ್ಟಿತು. ತಗೋ, ಸುದ್ದಿ ಹಬ್ಬಿತು, ತಕೇನಾ ಹತ್ರ ಎದೆಗೆ ಒಳ್ಳೇ ಔಷಧಿ ಇದೆಯಂತೆ! ಈ ಸುವಾದ ಮಳೆಯಲ್ಲಿ ಕೆಮ್ಮದವರು ಯಾರಿದ್ದಾರೆ? ಒಬ್ಬರಾದ ಮೇಲೊಬ್ಬರು ಬಂದು ಕೈಯೊಡ್ಡಿದರು. ಏಪ್ರಿಲ್ ಹೊತ್ತಿಗೆ ಉಳಿದದ್ದು ಒಂದು ಕಂದು ಪಂಪು ಮಾತ್ರ. ದಿನ ಬಿಟ್ಟು ದಿನ ಎಳೆದೆ, ಆಮೇಲೆ ವಾರಕ್ಕೆರಡು ಸಲ, ಆಮೇಲೆ ಅದೂ ಖಾಲಿ. ಕ್ಲಿನಿಕ್ಕಿಗೆ ಹೋದರೆ ನಿನ್ನ ಕಿವಿಗೆ ಬಿದ್ದೀತೆಂದು ಹೋಗಲಿಲ್ಲ. ದಡ್ಡಿ ನಾನು, ಬೈದುಕೋ.

ಮೊನ್ನೆ ಮಂಗಳವಾರ ಕುಣಿತದ ಅಭ್ಯಾಸದಲ್ಲಿ, ಮೂರನೇ ಹಾಡಿಗೆ ಕೈಚಾಚಿ ನಿಂತಿದ್ದೇನೆ, ಉಸಿರು ಒಳಗೇ ಹೋಗುತ್ತಿಲ್ಲ. ಕಣ್ಣಲ್ಲಿ ನೀರು, ಮೈಯೆಲ್ಲ ನಡುಕ. ಕುಣಿಯುತ್ತಾ ಮನಸ್ಸುಕ್ಕಿ ಅಳುವುದು ನಮ್ಮವರಿಗೆ ಹೊಸದೇ? ಸುತ್ತ ಕೂತವರು "ಅಬ್ಬಾ, ಏನು ಕುಣೀತಾಳೆ ನೋಡ್ರೇ!" ಅಂತ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿ ಹಾಡಿದರು! ಅಮ್ಮಾ, ನಾನು ತುಂಬಾ ಹೆದರಿದೆ. ನಿನ್ನನ್ನು ಇನ್ನು ನೋಡುವುದಿಲ್ಲ ಅಂದುಕೊಂಡೆ. ಎರೀತಕ್ಕ ಒಬ್ಬಳೇ ನನ್ನ ತುಟಿಯ ಬಣ್ಣ ನೋಡಿ "ಹಾಡು ನಿಲ್ಸಿ!" ಎಂದು ಕಿರುಚಿದ್ದು. ನಾನು ಕೊಟ್ಟಿದ್ದ ನೀಲಿ ಪಂಪು ಅವಳ ಚೀಲದಲ್ಲೇ ಇತ್ತು. ಅದನ್ನು ನನ್ನ ಬಾಯಿಗಿಟ್ಟು ಒತ್ತಿ, ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು.

ಅಲ್ಲಿ ಸಿಸ್ಟರ್ ಲೋಸಲಿನಿ ಅಂತ, ಬಾಗಿಲು ತುಂಬುವ ಫಿಜಿ ಹೆಂಗಸು. "ಏನು, ಪಂಪು ಹಂಚಿಬಿಟ್ಯಾ? ಪೆಪ್ಪರಮೆಂಟೇನೇ ಅದು? ಇಲ್ಲ ಅನ್ನೋಕೆ ಬರಲ್ವಾ ನಿಂಗೆ?" "ಬರಲ್ಲ ಸಿಸ್ಟರ್" ಅಂದೆ. ಇನ್ನೂ ಬೈಯುತ್ತಾರೇನೋ ಎಂದು ಕಾದರೆ, ಅವರು ನಕ್ಕುಬಿಟ್ಟರು. "ಈ ಕಾಟ ನಮ್ಮಲ್ಲೂ ಇದೆ ಬಿಡು." ಎರಡು ಹೊಸ ಪಂಪು ತಂದು, ಬಿಳಿ ಪಟ್ಟಿ ಅಂಟಿಸಿ, ಅದರ ಮೇಲೆ ದಪ್ಪಕ್ಷರದಲ್ಲಿ ತಮ್ಮ ಹೆಸರು ಬರೆದರು! "ಇವು ನನ್ನವು. ನೀನು ಬರೀ ಇಟ್ಕೊಂಡಿರೋಳು. ತಿಂಗಳಿಗೊಂದ್ಸಲ ತಂದು ತೋರಿಸ್ಬೇಕು. ಕೇಳಿದೋರನ್ನ ನನ್ನ ಹತ್ರ ಕಳ್ಸು."

ನನ್ನದಲ್ಲದ್ದನ್ನು ನಾನು ಹೇಗೆ ಕೊಡಲಿ, ಹೇಳು! ಆಮೇಲೆ ಇಬ್ಬರು ಬಂದು ಕೇಳಿದರು, ಹೆಸರು ನೋಡಿ ಪೆಚ್ಚಾಗಿ ಕ್ಲಿನಿಕ್ಕಿಗೆ ನಡೆದರು. ಎರೀತಕ್ಕನನ್ನೂ ಪರೀಕ್ಷಿಸಿದರು. ಅವಳಿಗೂ ಉಬ್ಬಸವೇ ಅಂತೆ, ಈಗ ಅವಳಿಗೂ ಅವಳದೇ ಪಂಪಿದೆ. ಬೆಳಿಗ್ಗೆ ಸಂಜೆ ಇಬ್ಬರೂ ಎದುರುಬದುರು ಕೂತು ಎಳೆದು, ಬಾಯಿ ಮುಕ್ಕಳಿಸುತ್ತೇವೆ. ನಿನ್ನೆ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಕುಣಿಯಬಹುದು ಎಂದರು. ನೀಲಿ ಪಂಪು ಸೊಂಟದಲ್ಲೇ ಇರಬೇಕಂತೆ, ಅಷ್ಟೇ.

ಅಜ್ಜನಿಗೆ, ಅಣ್ಣನಿಗೆ ನನ್ನ ಪ್ರೀತಿ ಹೇಳು. ಶನಿವಾರ ಹೊತ್ತು ಮುಳುಗುವಾಗ ನನ್ನನ್ನು ನೆನೆದು ಒಂದು ಸಲ ಚಪ್ಪಾಳೆ ತಟ್ಟು.

ನಿನ್ನ
ತಕೇನಾ

ಮರೆತೆ: ಊರಿಗೆ ಈ ಕಾಗದ ಒಯ್ಯುವ ಎರೀತಕ್ಕನ ಅಣ್ಣ ಹೊರಗೆ ಹಾರ್ನ್ ಒತ್ತುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಅಮ್ಮಾ, ಬುಬುಸಿ. ನನ್ನನ್ನು ವಾಪಸು ಕರೆಯಬೇಡ, ಓದು ಮುಗಿಯುವ ತನಕ ನನ್ನನ್ನು ಇಲ್ಲಿಗೆ ಕೊಡು. ಕೇಳಿಬಿಟ್ಟಿದ್ದೇನೆ, ಇನ್ನು ನೀನು ಇಲ್ಲ ಅನ್ನುವ ಹಾಗಿಲ್ಲ. ನನ್ನದಲ್ಲ ಅಂತ ತಪ್ಪಿಸಿಕೊಳ್ಳುವ ಹಾಗೂ ಇಲ್ಲ, ನಾನು ನಿನ್ನವಳೇ.