ಮೊಣಕೈಯ ಹದ

ಡಿಸೆಂಬರ್ 3, ಬೆಳಿಗ್ಗೆ 7
ಸ್ನಾನ ಆಯಿತು. ಇಡ್ಲಿ ಮೂರು. ಹಸಿವಿತ್ತೋ ಇಲ್ಲವೋ... ಗಡಿಯಾರ ಹೇಳಿತು, ತಿಂದೆ. ಹೆಂಡತಿ ಮಹದೇವಿ ತೀರಿಹೋದ ಮೇಲೆ ಎಂಟು ತಿಂಗಳಿಂದ ಹೀಗೇ. ಎಡಗಾಲ ಹೆಬ್ಬೆರಳ ಮೇಲೆ ಒಂದು ಬೊಬ್ಬೆ. ಯಾವಾಗ ಎದ್ದಿತೋ. ಸೌಂಡ್ ಮೈಂಡ್ ಇನ್ ಎ ಸೌಂಡ್ — ಬಾಡಿಯೋ, ಬೆಡ್ಡೋ. ಬಿ.ಎ. ಎರಡನೇ ವರ್ಷಕ್ಕೇ ಬಿಟ್ಟವನಿಗೆ ಇಷ್ಟು ನೆನಪಿರುವುದೇ ಹೆಚ್ಚು.

ಡಿಸೆಂಬರ್ 9
ಬೊಬ್ಬೆ ಒಡೆದು ಹುಣ್ಣು. ನೋವಿರಲಿಲ್ಲ, ಸುಮ್ಮನಿದ್ದೆ. ಕ್ಲಿನಿಕ್ಕಿನ ಡಾಕ್ಟರು ಹೇಳಿದ್ದು: ಬಿಸಿನೀರಿನ ಸುಟ್ಟಗಾಯ. ಶುಗರ್ ಬೇರೆ. ಇನ್ನೊಮ್ಮೆ ಸುಟ್ಟುಕೊಂಡರೆ ಬೆರಳು ತೆಗೆಯಬೇಕಾದೀತು. ಒಣಗುವ ತನಕ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದೇ ಸ್ನಾನ.
ನರ್ಸ್ ಪದ್ಮಿನಿ ಪಾದಕ್ಕೆ ನೈಲಾನ್ ಎಳೆ ಒತ್ತಿ, ಗೊತ್ತಾಯ್ತಾ ಎಂದಳು. ಅವಳ ಕೈ ನೋಡಿಕೊಂಡು ಪ್ರತಿ ಸಲವೂ ಹ್ಞೂಂ ಎಂದೆ. ಫುಲ್ ಮಾರ್ಕ್ಸ್.
"ತಾತ, ಕಾಪಿ ಒಡೀಬ್ಯಾಡಿ. ಕಣ್ ಮುಚ್ಕಳಿ."
ಮುಚ್ಚಿದೆ. ಎಡಗಾಲು ಪೂರಾ ಫೇಲ್. ಬಲ ಹಿಮ್ಮಡಿಯಲ್ಲಿ ಮಾತ್ರ ಏನೋ ಒಂದು.
"ದಿನಾ ಹಿಂಗೇ ಕೂತ್ಕಂಡು ನೆತ್ತಿಯಿಂದ ಪಾದ್ಗಂಟ ಒಂದೊಂದೇ ಜಾಗ ವಿಚಾರಿಸ್ಕಳಿ. ಗೊತ್ತಾಗ್ದಿದ್ ಕಡೆ ಇಲ್ಲ ಅನ್ನಿ. ಸುಳ್ ಏಳ್ಬ್ಯಾಡಿ."

ಡಿಸೆಂಬರ್ 10
ಕೂತೆ. ಭುಜ — ಬಿಗಿ. ಮಂಡಿ — ನೋವು. ಎಡಪಾದ — ಇಲ್ಲ. ಹೊಟ್ಟೆಯಲ್ಲಿ ಏನೋ ಸೆಳೆತ... ಕಾಯಿಲೆ ಎಂದುಕೊಂಡೆ. ಆಮೇಲೆ ಹೊಳೆಯಿತು, ಹಸಿವು.

ಡಿಸೆಂಬರ್ 19
ಗುರುಮಲ್ಲಪ್ಪ ಬಂದಿದ್ದ. ಮೂವತ್ತು ವರ್ಷ ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಕುದಿನೀರಿನಲ್ಲಿ ಗೂಡು ಅದ್ದಿ ರೇಷ್ಮೆ ಎಳೆ ಬಿಚ್ಚಿದವರು. ಸ್ನಾನದ ನೀರನ್ನು ಬೆರಳದ್ದಿಯೇ ನೋಡಿದ್ದೆ ಕಣೋ, ಬೆಚ್ಚಗಿತ್ತು ಅಂದೆ. ನಕ್ಕ.
"ಅದೇನ್ ಬೆರಳೇನ್ಲಾ? ಸೌಟು! ನಂದೂ ಅಷ್ಟೇ. ನಮ್ಮನೇಲಿ ನೀರ್ನ ಹದ ನಾ ನೋಡಂಗೇ ಇಲ್ಲ. ನಿಂಗೆ ತಂಗ್ಯವ್ವ ನೋಡ್ತಿರ್ನಿಲ್ವಾ?"
ನೋಡುತ್ತಿದ್ದಳು ಮಹದೇವಿ. ದಿನಾ ನನ್ನ ಬಕೆಟ್ಟಿಗೆ ಮೊಣಕೈ ಅದ್ದಿ. "ಕೂಸಿನ್ ನೀರ್ ನೋಡ್ದಂಗೆ ನೋಡ್ತೀಯಲ್ಲಮ್ಮಿ" ಎಂದು ರೇಗುತ್ತಿದ್ದೆ.
"ಕೂಸೇ ವಾಸಿ. ಸುಟ್ರೆ ಅಳ್ತದೆ."
ಆಗ ತಮಾಷೆ ಎಂದುಕೊಂಡಿದ್ದೆ.

ಡಿಸೆಂಬರ್ 27
ಕ್ಲಿನಿಕ್. ಕಣ್ಣು ಮುಚ್ಚಿಯೇ ಹೇಳಿದೆ. ಇಲ್ಲ. ಇಲ್ಲ. ಇಲ್ಲ. ಬಲ ಹಿಮ್ಮಡಿ — ಹ್ಞೂಂ. ಎಡಗಾಲಿನ ಸ್ಪರ್ಶ ಇನ್ನು ವಾಪಸ್ ಬರುವುದು ಡೌಟು ಅಂತೆ. ಗಾಯ ಮಾತ್ರ ಒಣಗಿದೆ. ಬೆರಳು ಉಳಿಯಿತು. ನಾಳೆಯಿಂದ ಸ್ನಾನ ಮಾಡಬಹುದು.
"ಈ ಸಲ ಪಾಸು ತಾತ," ಎಂದಳು ಪದ್ಮಿನಿ. ನಾಲ್ಕಕ್ಕೆ ಒಂದು ಬಂದವನು ಪಾಸು.

ಡಿಸೆಂಬರ್ 28, ಬೆಳಿಗ್ಗೆ 6.30
ಬಚ್ಚಲ ಬಾಗಿಲಲ್ಲೇ ಕೂತು ಬರೆಯುತ್ತಿದ್ದೇನೆ. ಬಕೆಟ್ ತುಂಬಿದೆ. ಬೆರಳದ್ದಿದೆ — ಬೆಚ್ಚಗೆ ಎಂದಿತು. ನಂಬಲಿಲ್ಲ. ಅಂಗಿ ತೋಳು ಮಡಿಸಿ ಮೊಣಕೈ ಅದ್ದಿದೆ. ಚುರ್! ಕೈ ತಾನಾಗಿಯೇ ಹಿಂದಕ್ಕೆ ಬಂತು. ನಾನು ಎಳೆದುಕೊಂಡದ್ದಲ್ಲ. ಈ ಜಾಗ ಯಾವತ್ತೂ ಕುದಿನೀರಿಗೆ ಇಳಿದಿರಲಿಲ್ಲ.
ತಣ್ಣೀರು ಎರಡು ಚೊಂಬು. ಅದ್ದಿದೆ. ಇನ್ನೂ ಬಿಸಿ. ಇನ್ನೊಂದು ಚೊಂಬು.
ಈಗ ಸರಿ. ಈ ಬಿಸಿ ನನ್ನ ಬೆನ್ನಿಗೆ ಗೊತ್ತು. ಇದು ಮಹದೇವಿ ಹುಯ್ಯುತ್ತಿದ್ದ ನೀರಿನ ಹದ.