ಹುಣಸೆಹಣ್ಣಿನಲ್ಲಿ ತೊಳೆದ ನಾಣ್ಯ

ಗಾದಿಗನೂರು
ಮಂಗಳವಾರ, ಮಧ್ಯಾಹ್ನ

ನನ್ನ ಬಂಗಾರ ಜ್ಯೋತಿಗೆ,

ಹುಲಿಗೆಮ್ಮ ನಿನ್ನನ್ನೂ ಹೊಟ್ಟೆಯಲ್ಲಿರುವ ಕೂಸನ್ನೂ ಕಾಯಲಿ. ನನ್ನ ಫೋನು ಒಡೆದಿದೆ, ಅದಕ್ಕೆ ಈ ಕಾಗದ. ಪಕ್ಕದ ಮನೆಯ ಹನುಮಣ್ಣ ಕಂಪ್ಲಿಗೆ ಬಂದು ನಿನ್ನ ಕೈಗೇ ಕೊಡುತ್ತಾನೆ. ಚಿಕ್ಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು.

ಎಲ್ಲಾ ಶುರುವಾದದ್ದು ಆ ನಾಣ್ಯದಿಂದ. ದಿಲ್ಲಿಯ ಪಾರ್ಲಿಮೆಂಟ್ ಕಟ್ಟಡದ ನೆನಪಿಗೆ ಸರ್ಕಾರ ಹೊರಡಿಸಿದ ಬೆಳ್ಳಿ ನಾಣ್ಯ. ನಿನ್ನ ಗಂಡ ಮನೋಹರ ಡಬ್ಬಿ ಒಡೆಯದೆ ಇಟ್ಟಿದ್ದ. ಯಶವಂತನಗರದ ನಿಮ್ಮ ಮನೆಯಲ್ಲಿ ಲಕ್ಷ್ಮೀಪೂಜೆಗೆ ಕಲಶ ಹೂಡುವಾಗ, ಬೆಳ್ಳಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕೂಡಿಹಾಕಬಾರದೆಂದು ನಾನೇ ಡಬ್ಬಿ ಸೀಳಿದೆ. ಹುಣಸೆಹಣ್ಣು, ಬೂದಿ ಹಚ್ಚಿ, ಸಿಂಹದ ಮುಖಗಳೆಲ್ಲ ಫಳಫಳ ಅನ್ನುವಂತೆ ತಿಕ್ಕಿ ಕಲಶಕ್ಕೆ ಹಾಕಿದೆ. ಹಾಗೆ ತಿಕ್ಕಿದರೆ ಅಂಥ ನಾಣ್ಯ ಕೊಳ್ಳುವವರಿಗೆ ಬೇಡವಾಗುತ್ತದೆಂದು ನನಗೇನು ಗೊತ್ತು?

"ಯಾವಾಕಿ ತೊಳದಾಕಿ ಇದನ್ನ?" ಎಂದು ಅವನು ಕೂಗಿದಾಗ ನೀನು "ನಾನ ತೊಳದೀನ್ರಿ" ಎಂದುಬಿಟ್ಟೆ. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಮುಖವನ್ನು ಬಾಗಿಲ ಚೌಕಟ್ಟಿಗೆ ಬಡಿದಿದ್ದ. ನಿನ್ನ ಹಲ್ಲು ಕಲಶದ ಮುಂದೆ ಬಿದ್ದಿತ್ತು, ಅಕ್ಷತೆಯ ನಡುವೆ. ಅವತ್ತೇ ನಿನ್ನನ್ನು ಕಂಪ್ಲಿಗೆ, ಚಿಕ್ಕಮ್ಮನ ಮನೆಗೆ ಸಾಗಿಸಿದೆ.

ಇವತ್ತು ಬೆಳಿಗ್ಗೆ ಅವನು ಇಲ್ಲಿಗೆ ಬಂದ. ನಾನು ದೋಸೆಗೆ ರುಬ್ಬುತ್ತಿದ್ದೆ. "ಕುಂದ್ರಪ್ಪ, ಚಾ ಕುಡಿ" ಎಂದೆ, ಅಳಿಯನಲ್ಲವೆ. "ನಿನ್ನ ಚಾ ಬ್ಯಾಡ ಮುದುಕಿ. ಆಕೀನ ಎಲ್ಲಿ ಮುಚ್ಚಿಟ್ಟೀ, ಹೇಳು" ಎಂದು ಫೋನು ಕಸಿದು ನೆಲಕ್ಕೆ ಬಡಿದ. ಹೇಳಲಿಲ್ಲ. ಜಡೆ ಹಿಡಿದು ನನ್ನ ಹಣೆಯನ್ನು ಒರಳಿಗೆ ಜಜ್ಜಿದ. ಹಿಟ್ಟೆಲ್ಲ ಕೆಂಪಾಯಿತು. ಆಗಲೂ ಹೇಳಲಿಲ್ಲ.

"ಕಂಪ್ಲಿಗೇ ಹೋಗಿರ್ತಾಳ ಬಿಡು. ಹೊಟ್ಟಿಮ್ಯಾಲ ಒದ್ದು ಎಳಕೊಂಡು ಬರ್ತೀನಿ" ಎಂದು ಬಾಗಿಲ ಕಡೆ ತಿರುಗಿದ.

ರುಬ್ಬುಗುಂಡು ಕೈಯಲ್ಲೇ ಇತ್ತು. ಹಿಂದಿನಿಂದ ಹೊಡೆದೆ. ಮೊಣಕಾಲೂರಿ "ಅತ್ತಿ" ಎಂದ. ಇನ್ನೊಂದು ಹೊಡೆದೆ. ಮೊದಲನೆಯದು ನಿನಗಾಗಿ ಎಂದು ದೇವರ ಮುಂದೆ ನಿಂತೂ ಹೇಳುತ್ತೇನೆ. ಎರಡನೆಯದು ನನ್ನ ಸಿಟ್ಟು.

ಇನ್ನು ಅವನು ಕಂಪ್ಲಿಗೆ ಬರುವುದಿಲ್ಲ. ಹೆದರದೆ ಉಣ್ಣು, ಮಲಗು. ನಾನು ಮೈತೊಳೆದು, ದೇವರಿಗೆ ದೀಪ ಹಚ್ಚಿ ಸ್ಟೇಷನ್ನಿಗೆ ಹೊರಟಿದ್ದೇನೆ. ಪೊಲೀಸರು ಬಂದು ಕೇಳಿದರೆ ಅವತ್ತಿನಂತೆ "ನಾನ" ಅನ್ನಬೇಡ ಮಗಳೇ. ಈ ಸಲ ಅದು ನನ್ನದು.

ನಿನ್ನವ್ವ,
ಗಾಳೆಮ್ಮ

ಮರೆತಿದ್ದೆ: ಆ ನಾಣ್ಯವನ್ನು ಹುಡುಕಬೇಡ. ಕಲಶದ ಜೊತೆ ನನ್ನ ಚೀಲದಲ್ಲೇ ಬಂದಿತ್ತು. ನಮ್ಮಲ್ಲಿ ಹೆಣದ ಹಣೆಗೆ ನಾಣ್ಯ ಇಡದೆ ಕಳಿಸುವುದಿಲ್ಲವಲ್ಲ; ಅದನ್ನೇ ಇನ್ನೊಮ್ಮೆ ಹುಣಸೆಹಣ್ಣಿನಲ್ಲಿ ತೊಳೆದು ಅವನ ಹಣೆಗೆ ಇಟ್ಟಿದ್ದೇನೆ.